ಜಾಗವಿಲ್ಲವೆಂದ ಮರಗಳು

ಆ ವರ್ಷ ಹಳೇ ತೋಪಿನ ಸಾಗವಾನಿ ಮರಗಳು ಒಂದು ದುಂಬಿಯನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಹಳಿಯಾಳದ ಆಚೆ, ಕಾಡಿನಂಚಿಗಿರುವ ಸಂಶೋಧನಾ ಕೇಂದ್ರದಲ್ಲಿ ಆ ಖುಷಿಗೆ ಪೇಡೆ ಹಂಚಿದರು. ಕಸ್ತೂರಿ ಬಡಿಗೇರ ಮಾತ್ರ ತನ್ನ ಪಾಲಿನ ಪೇಡೆಯನ್ನು ಮೇಜಿನ ಮೇಲೇ ಬಿಟ್ಟು, ಹೆಡ್‌ಫೋನ್ ಏರಿಸಿಕೊಂಡು, ಮರಗಳ ಒಳಗನ್ನು ಇನ್ನೊಮ್ಮೆ ಕೇಳಲು ಕೂತಳು. ಎಲ್ಲ ಸರಿಹೋಯಿತು ಎಂದು ಯಾರಾದರೂ ಹೇಳಿದರೆ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ದುಂಬಿ ಹಡಗಿನಲ್ಲಿ ಬಂದಿತ್ತು. ಯಾವುದೋ ದೇಶದಿಂದ ಯಂತ್ರದ ಬಿಡಿಭಾಗ ತುಂಬಿ ತಂದ ಹಸಿ ಮರದ ಪೆಟ್ಟಿಗೆಗಳಲ್ಲಿ ಹುಳವಾಗಿ ಮಲಗಿದ್ದು, ಘಟ್ಟ ಹತ್ತಿದ ಮೇಲೆ ರೆಕ್ಕೆ ಬಿಚ್ಚಿತು. ಹೆಬ್ಬೆರಳಿನಷ್ಟು ಉದ್ದ, ಹೊಳೆಯುವ ಕಪ್ಪು ಮೈ, ಮೈಗಿಂತ ಉದ್ದನೆಯ ಮೀಸೆ. ಜನ ಅದನ್ನು ಮೀಸೆದುಂಬಿ ಎಂದು ಕರೆದರು. ದುಂಬಿ ತಾನಾಗಿ ಮರಕ್ಕೆ ಹೆಚ್ಚೇನೂ ಮಾಡುವುದಿಲ್ಲ. ತೊಗಟೆಯಲ್ಲಿ ಕಚ್ಚು ಮಾಡಿ ಮೊಟ್ಟೆಯಿಟ್ಟು ಹಾರಿಹೋಗುತ್ತದೆ. ಮೊಟ್ಟೆಯೊಡೆದ ಹುಳ ಮೊದಲು ತೊಗಟೆಯಡಿಯ ಹಸಿ ಪದರ ತಿನ್ನುತ್ತದೆ, ಆಮೇಲೆ ಗಟ್ಟಿ ಮರದೊಳಕ್ಕೆ ಸುರಂಗ ಕೊರೆಯುತ್ತದೆ. ಕೆಲವೇ ತಿಂಗಳಲ್ಲಿ ಮರದ ಮೇಲೆ ಎಲೆ ಇರುತ್ತದೆ, ಒಳಗೆ ಏನೂ ಇರುವುದಿಲ್ಲ. ಜೋರು ಗಾಳಿ ಬೀಸಿದ ದಿನ ನಡುವಿಗೇ ಮುರಿದು ಬೀಳುತ್ತದೆ. ಸಾಗವಾನಿ, ಹೊನ್ನೆ, ಮತ್ತಿ, ಬೀಟೆ, ಗಟ್ಟಿ ಮರ ಯಾವುದಾದರೂ ಅದಕ್ಕೆ ಸೈ. ಮೇಲೆ ಸಿಂಪಡಿಸಿದ ಔಷಧ ಒಳಗಿನ ಹುಳಕ್ಕೆ ತಾಗುವುದಿಲ್ಲ.

ಕಸ್ತೂರಿ ಓದಿದ್ದು ಶಬ್ದಶಾಸ್ತ್ರ. ಹುಳ ಅಗಿಯುವ ಸದ್ದಿನಿಂದ ರೋಗದ ಮರ ಯಾವುದೆಂದು ಗುರುತಿಸಲು ಅವಳನ್ನು ಕೇಂದ್ರಕ್ಕೆ ಕರೆಸಿದ್ದರು. ಆದರೆ ಅವಳಿಗೆ ಬೇರೊಂದು ಸಂಗತಿ ಕಣ್ಣಿಗೆ ಬಿತ್ತು. ಹೆಣ್ಣು ದುಂಬಿ ಮೊಟ್ಟೆ ಇಡುವ ಮೊದಲು ತೊಗಟೆಯ ಮೇಲೆ ಕಾಲು ಬಡಿದು, ಮೈಯನ್ನು ಮರಕ್ಕೆ ಒತ್ತಿ ಸುಮ್ಮನೆ ನಿಲ್ಲುತ್ತದೆ. ಒಳಗೆ ಆಗಲೇ ಹುಳಗಳು ಅಗಿಯುತ್ತಿದ್ದರೆ ಆ ನಡುಕ ಅದರ ಕಾಲಿಗೆ ತಿಳಿಯುತ್ತದೆ. ತನ್ನ ಮರಿಗಳಿಗೆ ಇಲ್ಲಿ ಊಟ ಸಾಲದು ಎಂದು ಬೇರೆ ಮರ ನೋಡಿಕೊಳ್ಳುತ್ತದೆ. ಹಾಗಾದರೆ ಒಳ್ಳೆಯ ಮರವೇ 'ಇಲ್ಲಿ ಜಾಗವಿಲ್ಲ' ಎಂದು ಸುಳ್ಳು ಹೇಳಿದರೆ?

ಆ ಒಂದು ಪ್ರಶ್ನೆಯಿಂದ ಡಬ್ಬಿ ಹುಟ್ಟಿತು. ಮುಷ್ಟಿಯಷ್ಟು ಗಾತ್ರ, ಮೇಲೊಂದು ಬಿಸಿಲು ಹೀರುವ ಬಿಲ್ಲೆ, ಹಿಂದೆ ಕಾಂಡಕ್ಕೆ ತಿರುಪಿ ಕೂರಿಸುವ ಮೊಳೆ. ಅದು ಮರವನ್ನು ಹುಳ ಅಗಿದಂತೆ ನಡುಗಿಸುತ್ತದೆ. ಪಕ್ಕದಲ್ಲಿ ನಿಂತ ಮನುಷ್ಯರ ಕಿವಿಗೆ ಕೇಳಿಸುವುದಿಲ್ಲ. ದುಂಬಿಗೆ ಮಾತ್ರ ಮರದ ತುಂಬ ಹುಳ ಇದ್ದಂತೆ. ಹಳೇ ತೋಪಿನ ಪ್ರತಿ ಮರಕ್ಕೂ ಡಬ್ಬಿ ಹಾಕಿ, ಎಲ್ಲವನ್ನೂ ಕೇಂದ್ರದ ನಿಯಂತ್ರಣ ಕೊಠಡಿಗೆ ಜೋಡಿಸಿದರು. ಮುಂಗಾರಿನ ಮೊದಲ ಮಳೆಗೆ ಎದ್ದ ದುಂಬಿಗಳು ತೋಪಿಗೆ ಬಂದವು, ಕಾಲು ಬಡಿದು ನೋಡಿದವು, ಹಾರಿಹೋದವು.

"ಮಾರಾಯ್ರೆ, ಇನ್ನಾದ್ರೂ ಆ ಹೆಡ್‌ಫೋನ್ ತೆಗೀರಿ," ಎಂದರು ಡಾ. ವಿಶ್ವಂಭರ ಹೆಬ್ಳೆ. ಕುಮಟೆ ಕಡೆಯವರು, ಕೇಂದ್ರದ ಮುಖ್ಯಸ್ಥರು. ಹಳೇ ತೋಪು ಬ್ರಿಟಿಷರ ಕಾಲದಲ್ಲಿ ನೆಟ್ಟದ್ದು. ಜಿಲ್ಲೆಯ ಅರ್ಧ ಸಾಗವಾನಿ ಅದರ ಬೀಜದಿಂದಲೇ ಬೆಳೆದದ್ದು. ಹೆಬ್ಳೆಯವರು ಕೆಲಸಕ್ಕೆ ಸೇರಿದ ದಿನದಿಂದ ಆ ತೋಪನ್ನೇ ನೋಡಿಕೊಂಡವರು. ಅವರ ಕಣ್ಣು ಆ ದಿನ ಒದ್ದೆಯಾಗಿತ್ತು.

"ತೆಗೀತೀನಿ ಸರ್," ಎಂದಳು ಕಸ್ತೂರಿ. ತೆಗೆಯಲಿಲ್ಲ.

*

ದೀಪಾವಳಿಗೆ ಅವಳು ಬೀಟಿಕೊಪ್ಪಕ್ಕೆ ಹೋದಳು. ತಂದೆತಾಯಿ ಹೋದ ಮೇಲೆ ಅವಳನ್ನು ಓದಿಸಿದ ಅಣ್ಣ ಮೌನೇಶ ಅಲ್ಲಿ ಬಡಿಗತನ ಮಾಡಿಕೊಂಡಿದ್ದ. ಸುತ್ತಲಿನ ಊರುಗಳಲ್ಲಿ ಹೊಸ ಮನೆ ಕಟ್ಟಿದವರು ಬಾಗಿಲ ಚೌಕಟ್ಟಿಗೆ ಅವನ ಹತ್ತಿರವೇ ಬರುತ್ತಿದ್ದರು. ಅಂಗಳದಲ್ಲಿ ಉದ್ದಕ್ಕೂ ಹೊನ್ನೆಯ ದಿಮ್ಮಿಗಳು ಬಿದ್ದಿದ್ದವು.

"ಟಿವಿಯಾಗ ನಿನ್ನ ತೋರಿಸಿದ್ರವಾ," ಎಂದ ಮೌನೇಶ. "ಊರ ಮಂದಿಯೆಲ್ಲಾ ನಮ್ಮ ಮನಿಯಾಗ ಕುಂತು ನೋಡಿದ್ರು. ನಿಮ್ಮ ವೈನಿ ಮಂದೀಗೆಲ್ಲಾ ಚಾ ಮಾಡಿ ಸಾಕಾಗಿ ಹೋದ್ಳು."

"ಸಾಕಾಗಲಿಲ್ಲ ಬಿಡ್ರಿ," ಎಂದು ಅವನ ಹೆಂಡತಿ ಗಿರಿಜವ್ವ ನಕ್ಕು, ಕಸ್ತೂರಿಯ ಕೈಗೆ ಚಹಾ ಕೊಟ್ಟಳು. "ಕಸ್ತೂರಿ, ಹಂಗ ನಮ್ಮ ಕೆರಿ ಒಡ್ಡಿನ ಗಿಡಕ್ಕೂ ನಾಕು ಡಬ್ಬಿ ಹಚ್ಚಿಕೊಡವಾ. ಯಾಕೋ ಈ ವರ್ಷ ಹೊನ್ನಿ ಗಿಡ ಸೊರಗ್ಯಾವ. ಈ ದಿಮ್ಮಿ ನೋಡು, ಗಾಳಿಗಿ ತಾನ ಮುರದು ಬಿತ್ತು. ನಿಮ್ಮಣ್ಣಗ ಪುಕ್ಕಟೆ ಸಿಕ್ತಂತ ಖುಷಿ."

ಕಸ್ತೂರಿ ಚಹಾವನ್ನು ಕೆಳಗಿಟ್ಟು ದಿಮ್ಮಿಗೆ ಕಿವಿ ಹಚ್ಚಿದಳು. ಪೇಟೆಯ ಸದ್ದಿಲ್ಲದ ಊರು. ಒಣ ಹಪ್ಪಳವನ್ನು ದೂರದಲ್ಲಿ ಯಾರೋ ತುಂಡು ತುಂಡಾಗಿ ಮುರಿದಂತೆ, ಕಟ್, ಕಟ್, ಕಟ್. ಪಕ್ಕದ ದಿಮ್ಮಿ. ಅದರಲ್ಲೂ. ಅವಳು ಚಪ್ಪಲಿ ಮೆಟ್ಟಿಕೊಳ್ಳದೆ ಕೆರೆ ಒಡ್ಡಿಗೆ ಓಡಿದಳು. ಸಾಲು ಹೊನ್ನೆ ಮರಗಳ ಬುಡದಲ್ಲಿ, ಅಕ್ಕಿಹಿಟ್ಟು ಚೆಲ್ಲಿದಂತೆ ಮರದ ಹುಡಿ ಬಿದ್ದಿತ್ತು.

ಹಿಂದೆಯೇ ಬಂದ ಮೌನೇಶ ಏದುಸಿರು ಬಿಡುತ್ತ ಕೇಳಿದ. "ಏನಾತು? ಬಂದೈತೇನು?"

"ಬಂದೈತಿ ಯಣ್ಣಾ."

"ಎಲ್ಲಿಂದ ಬಂತು? ಹೋದ ವರ್ಷ ಇದ್ದಿಲ್ಲಲ್ಲ?"

ಅವಳು ಪಡುವಣ ದಿಕ್ಕಿಗೆ ನೋಡಿದಳು. ಗದ್ದೆಗಳಾಚೆ, ಗುಡ್ಡದ ಇಳಿಜಾರಿನಲ್ಲಿ ಹಳೇ ತೋಪು ದಟ್ಟವಾಗಿ, ಆರೋಗ್ಯವಾಗಿ ನಿಂತಿತ್ತು. ಜಾಗವಿಲ್ಲ ಎಂದು ಅಲ್ಲಿಂದ ಹೊರಟ ದುಂಬಿ ಗಾಳಿಯ ಜೊತೆ ಬಂದರೆ ಮೊದಲು ಸಿಗುವ ಗಟ್ಟಿಮರ ಈ ಒಡ್ಡಿನದೇ. ಅವಳು ಹುಡಿಯನ್ನು ಚಿಟಿಕೆ ತೆಗೆದು ಕರವಸ್ತ್ರದಲ್ಲಿ ಕಟ್ಟಿಕೊಂಡಳು. ಹಬ್ಬದೂಟಕ್ಕೂ ನಿಲ್ಲದೆ ಮಧ್ಯಾಹ್ನದ ಬಸ್ಸು ಹತ್ತಿದಳು.

*

ಪ್ರಯೋಗಾಲಯದಲ್ಲಿ ದೊಡ್ಡದೊಂದು ಬಲೆಮನೆ ಇತ್ತು. ಬೆಚ್ಚಗಿನ ಕೋಣೆಯಲ್ಲಿ ಸಾಕಿದ ದುಂಬಿಗಳನ್ನು ಅದರೊಳಗೆ ಬಿಟ್ಟು, ಡಬ್ಬಿ ಹಾಕಿದ ದಿಮ್ಮಿಗಳನ್ನಷ್ಟೇ ಇಟ್ಟು ಕಸ್ತೂರಿ ಕಾದಳು. ಮೊಟ್ಟೆ ಇಡಲು ಜಾಗ ಸಿಗದ ಹೆಣ್ಣುಗಳು ಬೇಗ ಸಾಯುತ್ತವೆ ಎಂದು ಮೊದಲು ಎಲ್ಲರೂ ನಂಬಿದ್ದರು. ಅವಳೂ ವರದಿಯಲ್ಲಿ ಹಾಗೆಯೇ ಬರೆದಿದ್ದಳು. ಅವು ಸಾಯಲಿಲ್ಲ. ಮೊಟ್ಟೆಯನ್ನು ಹೊಟ್ಟೆಯಲ್ಲೇ ಹಿಡಿದುಕೊಂಡು, ಬಲೆಯ ಗೋಡೆಗೆ ಡಿಕ್ಕಿ ಹೊಡೆಯುತ್ತ, ದಿನಗಟ್ಟಲೆ ಹಾರಿದವು. ಡಬ್ಬಿಯಿಲ್ಲದ ಒಂದು ಸಣ್ಣ ಕೊರಡು ಇಟ್ಟದ್ದೇ ತಡ, ಎಲ್ಲವೂ ಬಂದು ಅದರ ಮೇಲೆ ಮುಗಿಬಿದ್ದವು.

ಅರಣ್ಯ ಕಾವಲುಗಾರರು ಕಳಿಸಿದ ಸುದ್ದಿಯನ್ನೆಲ್ಲ ಅವಳು ನಕ್ಷೆಯ ಮೇಲೆ ಗುರುತು ಹಾಕಿದಳು. ಬೀಟಿಕೊಪ್ಪ, ಅದರಾಚೆಯ ಊರು, ಹೊಳೆದಂಡೆಯ ಮತ್ತಿ ಮರಗಳು. ತೋಪಿನ ಸುತ್ತ ಕೆಂಪು ಬಳೆ ಮೂಡಿತು. ನಡುವೆ ತೋಪು ಹಸಿರಾಗಿ ಉಳಿದಿತ್ತು.

ಹೆಬ್ಳೆ ನಕ್ಷೆಯ ಬಳೆಯುದ್ದಕ್ಕೂ ಬೆರಳಾಡಿಸಿದರು. "ಹಾಗಾದ್ರೆ ಆ ಊರುಗಳಿಗೂ ಡಬ್ಬಿ ಕೊಡುವ."

"ಕೊಟ್ರೆ ಅವರಾಚೆಯ ಊರಿಗೆ ಹೋಗ್ತವೆ ಸರ್. ಡಬ್ಬಿ ಇಲ್ಲದವರ ಕಡೆಗೆ ನಾವು ಹುಳ ಅಟ್ತಾ ಇದ್ದೀವಿ, ಅಷ್ಟೇ."

"ನಾವು ಮಾಡಿದ್ದು ತಪ್ಪು ಅಂತೀರಾ?"

"ಅರ್ಧ ಕೆಲಸ ಮಾಡಿದ್ದೀವಿ ಅಂತೀನಿ. ಓಡಿಸಿದ್ರೆ ಸಾಲದು, ಕರೀಬೇಕು." ಅವಳು ಕಂಪ್ಯೂಟರಿನಲ್ಲಿ ಇನ್ನೊಂದು ಧ್ವನಿ ಹಾಕಿದಳು. ಅಗಿಯುವ ಸದ್ದಲ್ಲ, ಬಿಟ್ಟು ಬಿಟ್ಟು ಬಾರಿಸುವ ತಾಳ. ಒಳ್ಳೆಯ ಮರ ಸಿಕ್ಕಿದ ಗಂಡು ದುಂಬಿ ತಲೆಯನ್ನು ಕಾಂಡಕ್ಕೆ ಬಡಿದು ಹೆಣ್ಣುಗಳನ್ನು ಕರೆಯುವ ಸದ್ದು. "ಇದೇ ಡಬ್ಬಿಯಿಂದ ಇದನ್ನೂ ನುಡಿಸಬಹುದು. ಊರುಗಳ ಮರ 'ಜಾಗವಿಲ್ಲ' ಅನ್ನಲಿ. ಒಂದೇ ಒಂದು ಕಡೆ ಮರಗಳು 'ಬಾ' ಅನ್ನಲಿ. ಎಲ್ಲ ದುಂಬಿ ಅಲ್ಲಿಗೇ ಬಂದು ಮೊಟ್ಟೆ ಇಟ್ಟ ಮೇಲೆ, ಹುಳ ತೊಗಟೆ ದಾಟಿ ಒಳಗೆ ಹೋಗೋ ಮುಂಚೆ ಆ ಮರಗಳನ್ನ ಕಡಿದು ತೊಗಟೆ ಸುಲಿದು ಸುಟ್ಟರೆ, ಒಂದು ಪೀಳಿಗೇನೇ ಮುಗೀತದೆ."

"ಯಾವ ಮರಗಳು?"

ಕಸ್ತೂರಿ ತಡವರಿಸಿದಳು. "ಸಣ್ಣ ಮರದ ಕರೆ ದೂರಕ್ಕೆ ಮುಟ್ಟೋದಿಲ್ಲ ಸರ್. ದಪ್ಪ ಕಾಂಡ ಬೇಕು, ಒತ್ತಾಗಿ ಬೇಕು. ಬಳೆಯ ನಡುವೆ ಇರಬೇಕು."

ಹೆಬ್ಳೆಗೆ ಅರ್ಥವಾಯಿತು. ಅವರು ಕಿಟಕಿಯ ಹತ್ತಿರ ಹೋಗಿ ನಿಂತರು. ಅಲ್ಲಿಂದ ತೋಪಿನ ಮೊದಲ ಸಾಲು ಕಾಣುತ್ತಿತ್ತು.

"ಅದೊಂದು ಬಿಟ್ಟು ಬೇರೆ ಮಾತಾಡಿ," ಎಂದರು.

*

ಮಾಘದಲ್ಲಿ ತಪಾಸಣೆಯ ತಂಡ ಬೀಟಿಕೊಪ್ಪಕ್ಕೆ ಬಂತು. ಹುಳವಿದ್ದ ಮರಗಳಿಗೆ ಕೆಂಪು ಬಣ್ಣ ಬಳಿದು, ಗರಗಸ ಇಟ್ಟರು. ಕೆರೆ ಒಡ್ಡು ಬೋಳಾಯಿತು. ಊರಿನಿಂದ ಹಸಿ ಮರ ಹೊರಗೆ ಸಾಗಿಸಬಾರದು, ಒಳಗೆ ತರಬಾರದು ಎಂದು ಡಂಗುರ ಸಾರಿದರು. ಮೌನೇಶನ ಅಂಗಳದ ದಿಮ್ಮಿಗಳನ್ನು ಅಲ್ಲಿಯೇ ರಾಶಿ ಹಾಕಿ ಸುಟ್ಟರು. ಸುದ್ದಿ ತಿಳಿದು ಕಸ್ತೂರಿ ಬಂದಾಗ ಹೊಗೆ ಇನ್ನೂ ಏಳುತ್ತಿತ್ತು. ಅರ್ಧ ಕೆತ್ತಿದ ಚೌಕಟ್ಟೊಂದು ಗೋಡೆಗೆ ಒರಗಿತ್ತು. ಮೇಲಿನ ಪಟ್ಟಿಯಲ್ಲಿ ಬಳ್ಳಿ ಮೂಡಿದ್ದು, ಎಲೆ ಇನ್ನೂ ಮೂಡಿರಲಿಲ್ಲ.

"ಒಡ್ಡಿನ ಗಿಡ ಎಲ್ಲಾ ತಗದ್ರಲ್ಲ, ಇನ್ನ ಹುಳ ಹೋತಂದಂಗ ಅಲ್ಲೇನು?" ಎಂದ ಮೌನೇಶ. ಅವನ ಮುಖದಲ್ಲಿ ಇನ್ನೂ ಭರವಸೆ ಇತ್ತು.

ಅವಳಿಗೆ ಸುಳ್ಳು ಹೇಳಲು ಆಗಲಿಲ್ಲ. ಗುರುತು ಸಿಗದ ಮರಗಳು ಕಾಡಿನಲ್ಲಿ ಲೆಕ್ಕವಿಲ್ಲದಷ್ಟಿವೆ, ಮುಂಗಾರಿಗೆ ಮತ್ತೆ ಏಳುತ್ತವೆ ಎಂದಳು. ಆಮೇಲೆ, ಅವು ಇಲ್ಲಿಗೆ ಹೇಗೆ ಬಂದವು ಎಂಬುದನ್ನೂ ಹೇಳಿದಳು. ಡಬ್ಬಿ, ಜಾಗವಿಲ್ಲ ಎಂಬ ಸುಳ್ಳು, ಗಾಳಿ, ಒಡ್ಡು.

ಮೌನೇಶ ಕೈಯಲ್ಲಿದ್ದ ಉಳಿಯನ್ನು ನಿಧಾನವಾಗಿ ಕೆಳಗಿಟ್ಟ.

"ನಿನಗ ಯಾವಾಗ ಗೊತ್ತಾತು?"

"ದೀಪಾವಳಿಗೆ."

"ಅವತ್ತ ಹೇಳಬೇಕಿತ್ತು."

"ಖಾತ್ರಿ ಮಾಡ್ಕೊಂಡು ಹೇಳೂಣಂತ..."

"ನಿನ್ನ ತೋಪು ಉಳೀತು. ನಮ್ಮ ಒಡ್ಡು ಹೋತು." ಅವನು ದನಿ ಏರಿಸಲಿಲ್ಲ. "ಗಿರಿಜಾ, ತಂಗೀಗಿ ಊಟಕ್ಕ ಹಾಕು. ಬಸ್ಸಿಗಿ ತಡ ಆಗ್ತೈತಿ." ಅಷ್ಟು ಹೇಳಿ ಒಳಗೆ ಹೋದವನು ಅವಳು ಹೊರಡುವವರೆಗೂ ಹೊರಗೆ ಬರಲಿಲ್ಲ.

ಅಲ್ಲಿಂದ ಮುಂದೆ ಕಸ್ತೂರಿಗೆ ಯಾವುದೂ ರುಚಿಸಲಿಲ್ಲ. ಊಟದ ಮೇಜಿಗೆ ಕೈ ಇಟ್ಟರೆ ಅದರೊಳಗೆ ಏನೋ ಅಗಿಯುತ್ತಿದೆ ಅನ್ನಿಸುತ್ತಿತ್ತು. ಬಸ್ಸಿನ ಸೀಟು, ಬಾಗಿಲು, ಮಂಚದ ಪಟ್ಟಿ ಎಲ್ಲಕ್ಕೂ ಕಿವಿ ಹಚ್ಚುವ ಚಟ ಹತ್ತಿತು. ಮೇಲಿನವರಿಗೆ ಮತ್ತೆ ಮತ್ತೆ ತನ್ನ ಯೋಜನೆ ಹೇಳಿದಳು. ಎಲ್ಲರೂ ಒಳ್ಳೆಯ ವಿಚಾರ ಎಂದರು. ಮರ ಮಾತ್ರ ಬೇರೆ ಯಾರದಾದರೂ ಇರಲಿ ಎಂದರು. ಒಬ್ಬರಂತೂ, ಬೀಟಿಕೊಪ್ಪದ ಕಡೆ ಹೇಗೂ ಹುಳ ಹತ್ತಿದೆಯಲ್ಲ, ಅಲ್ಲಿ ಉಳಿದ ಮರಗಳಿಂದಲೇ ಕರೆಸಿ ಎಂದು ಸಲಹೆ ಕೊಟ್ಟರು. ಬಳೆಯೊಳಗಿನ ಊರುಗಳಿಗೆ ಡಬ್ಬಿ ಕೊಡಲು ಮಾತ್ರ ಅನುಮತಿ ಸಿಕ್ಕಿತು. ಬೇಸಿಗೆಯಿಡೀ ಅವಳೇ ಜೀಪಿನಲ್ಲಿ ಸುತ್ತಿ ಊರೂರಿನ ಮರಗಳಿಗೆ ಡಬ್ಬಿ ತಿರುಪಿದಳು. ಬೀಟಿಕೊಪ್ಪದಲ್ಲಿ ಶಾಲೆಯ ಹಿಂದಿನ ಮರಗಳಿಗೆ ಡಬ್ಬಿ ಹಾಕುವಾಗ ಮೌನೇಶ ರಸ್ತೆಯ ಆಚೆಯಿಂದ ನೋಡುತ್ತಿದ್ದ. ರಸ್ತೆ ದಾಟಿ ಬರಲಿಲ್ಲ.

*

ಮೇ ಕೊನೆಗೆ ಗುಡುಗು ಶುರುವಾಯಿತು. ಹೆಬ್ಳೆ ಯಾವುದೋ ಸಭೆಗೆಂದು ಬೆಂಗಳೂರಿಗೆ ಹೋಗಿದ್ದರು. ಮಧ್ಯಾಹ್ನ ಮೊದಲ ಮಳೆ ಬಿದ್ದು, ನೆಲದ ವಾಸನೆ ಕೊಠಡಿಯೊಳಗೂ ಬಂತು. ಕಾಡಿನ ಕೆಲವು ಮರಗಳಿಗೆ ಅವಳು ಹಚ್ಚಿದ್ದ ಮೈಕುಗಳಿಂದ ಬರುವ ಸದ್ದು ಪರದೆಯ ಮೇಲೆ ಬದಲಾಗತೊಡಗಿತು: ಅಗಿತ ನಿಂತು, ಗೀರುವ ಸದ್ದು. ದುಂಬಿಗಳು ಹೊರಗೆ ಬರಲು ತೊಗಟೆ ಕೊರೆಯುತ್ತಿದ್ದವು.

ಕಸ್ತೂರಿ ಎದ್ದು ಕೊಠಡಿಯ ಉದ್ದಕ್ಕೂ ನಡೆದಳು. ಕೂತಳು. ಮತ್ತೆ ಎದ್ದಳು. ಈಗ ಬಿಟ್ಟರೆ ಮುಂದಿನ ವರ್ಷ; ಮುಂದಿನ ವರ್ಷಕ್ಕೆ ಬಳೆ ಧಾರವಾಡದವರೆಗೆ ಹಬ್ಬಿರುತ್ತದೆ. ಯಾರನ್ನಾದರೂ ಕೇಳೋಣವೆಂದರೆ ಇಲ್ಲ ಎನ್ನುವುದು ಖಂಡಿತ. ಕೇಳದೆ ಮಾಡಿದರೆ ಅದು ಕಳ್ಳತನ. ಅವಳು ನೀರು ಕುಡಿದು ಬಂದು, ಹಳೇ ತೋಪಿನ ಎಲ್ಲ ಡಬ್ಬಿಗಳ ಧ್ವನಿಯನ್ನು 'ಬಾ' ಎಂಬ ತಾಳಕ್ಕೆ ಬದಲಿಸಿದಳು.

ಪರದೆಯಲ್ಲಿ ಏನೂ ಆಗಲಿಲ್ಲ. ಚುಕ್ಕೆಗಳು ಹಸಿರಿನಿಂದ ಹಳದಿಗೆ ತಿರುಗಿದವು, ಅಷ್ಟೇ. 

ಮರುದಿನ ಒಂದು ದುಂಬಿಯೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅನ್ನ ಸೇರದೆ ಅವಳು ಬಿಸ್ಕೀಟು ತಿಂದುಕೊಂಡು ಪರದೆಯ ಮುಂದೆ ಕೂತಳು. ತಾಳ ತಪ್ಪಾಗಿದೆಯೇ? ಗಾಳಿ ಬೇರೆ ಕಡೆ ತಿರುಗಿತೇ? ಮೂರನೆಯ ದಿನ ಬೆಳಿಗ್ಗೆ ತೋಪಿನ ಕಾವಲುಗಾರ ಜುಜೆ ಸಿದ್ದಿಯ ಫೋನು ಬಂತು.

"ಮೇಡಮ್ಮಾರೆ, ಬೇಗ ಬರ್ರಿ. ಗಿಡ ಕಾಣವಲ್ವು."

ಮರಗಳು ನಿಜಕ್ಕೂ ಕಾಣುತ್ತಿರಲಿಲ್ಲ. ಬುಡದಿಂದ ಮೊದಲ ಕೊಂಬೆಯವರೆಗೆ ಕಾಂಡಗಳು ಕಪ್ಪಗೆ ಹೊಳೆಯುತ್ತ ಚಲಿಸುತ್ತಿದ್ದವು. ಸಾವಿರಾರು ಮೀಸೆಗಳು ಒಟ್ಟಿಗೆ ಅಲುಗುತ್ತಿದ್ದವು. ಒಣ ಎಲೆಯ ಮೇಲೆ ತುಂತುರು ಬಿದ್ದಂತೆ ಸದ್ದು. ಜುಜೆ ಟೋಪಿ ತೆಗೆದು ಎದೆಗೆ ಹಿಡಿದು, ಸತ್ತವರ ಮುಂದೆ ನಿಂತಂತೆ ನಿಂತಿದ್ದ. ಕಸ್ತೂರಿಗೆ ಗೆದ್ದೆನೆಂಬ ಖುಷಿ ಬರಬೇಕಿತ್ತು. ಅವಳು ಕೊರಳಲ್ಲಿ ತೂಗುತ್ತಿದ್ದ ಹೆಡ್‌ಫೋನ್ ತೆಗೆದು ಜೀಪಿನೊಳಗಿಟ್ಟು, ಜುಜೆಯ ಪಕ್ಕದಲ್ಲಿ ನಿಂತಳು.

ಸುದ್ದಿ ಬೆಂಗಳೂರಿಗೆ ಮುಟ್ಟಿತು. ಹೆಬ್ಳೆ ಸಿಕ್ಕ ಬಸ್ಸು ಹಿಡಿದು ಬಂದವರು ಮೊದಲು ತೋಪಿಗೆ ಹೋಗಿ, ಆಮೇಲೆ ನಿಯಂತ್ರಣ ಕೊಠಡಿಗೆ ಬಂದರು. ಅವರ ಅಂಗಿಯ ತೋಳಿನ ಮೇಲೆ ಒಂದು ದುಂಬಿ ಇನ್ನೂ ಕೂತಿತ್ತು.

"ಎಂತ ಮಾಡಿದ್ರಿ ನೀವು? ಎಂತ ಮಾಡಿದ್ದು?"

"ಕರೆದೆ ಸರ್."

"ನನ್ನ ಮರ! ಅದು ನನ್ನ..." ಅವರಿಗೆ ಮಾತು ಸಿಗಲಿಲ್ಲ. "ಸರೀರಿ ಆಚೆ. ಎಲ್ಲಿ ಅದು, ಹಳೇ ಧ್ವನಿ? ಈಗಲೇ ಹಾಕ್ತೇನೆ. ಅರ್ಧವಾದ್ರೂ ಉಳೀಲಿ."

ಕಸ್ತೂರಿ ಕುರ್ಚಿ ಬಿಟ್ಟು ಎದ್ದಳು. ಅವರ ದಾರಿಗೆ ಅಡ್ಡ ನಿಲ್ಲಲಿಲ್ಲ. "ಈ ಗುಂಡಿ ಸರ್. ಒತ್ತಿದ್ರೆ ಉಳೀಬಹುದು. ಅರ್ಧಕ್ಕರ್ಧ ಹೆಣ್ಣು ಇನ್ನೂ ಮೊಟ್ಟೆ ಇಟ್ಟಿಲ್ಲ. ಸಂಜೆಯೊಳಗೆ ಎಲ್ಲ ಏಳ್ತವೆ. ಸುತ್ತಲಿನ ಊರಲ್ಲಿ ಡಬ್ಬಿ ಇದೆ, ಅಲ್ಲಿ ನಿಲ್ಲೋದಿಲ್ಲ. ಅದರಾಚೆ ಎಲ್ಲಿಗೆ ಹೋಗ್ತವೋ ನನಗೆ ಗೊತ್ತಿಲ್ಲ. ಇಡೀ ಕಾಡಿನ ದುಂಬಿ ಒಂದೇ ಕಡೆ ಇರೋದು ಇವತ್ತು ಮಾತ್ರ."

ಹೆಬ್ಳೆ ಗುಂಡಿಯ ಮೇಲೆ ಬೆರಳಿಟ್ಟರು. ಪರದೆಯ ಮೇಲೆ ತೋಪಿನ ಹಳದಿ ಚುಕ್ಕೆಗಳು ಮಿನುಗುತ್ತಿದ್ದವು. ಒಂದೊಂದಕ್ಕೂ ಒಂದು ಸಂಖ್ಯೆ, ಅವರೇ ಕೊಟ್ಟದ್ದು. ಹೊರಗೆ ಮತ್ತೊಂದು ಮಳೆ ಬಂದು ನಿಂತಿತು. ಅವರು ಬೆರಳು ಎತ್ತಲಿಲ್ಲ, ಒತ್ತಲೂ ಇಲ್ಲ. ಕೊನೆಗೆ ಇನ್ನೊಂದು ಕೈಯಿಂದ ತೋಳಿನ ಮೇಲಿನ ದುಂಬಿಯನ್ನು ಹಿಡಿದು, ಗಾಜಿನ ಬಾಟಲಿಗೆ ಹಾಕಿ ಮುಚ್ಚಳ ಹಾಕಿದರು.

"ಜುಜೆಗೆ ಹೇಳಿ, ಗರಗಸ ಎಷ್ಟಿವೆ ನೋಡ್ಲಿಕ್ಕೆ," ಎಂದರು. 

*

ಮೊಟ್ಟೆ ಇಟ್ಟು ಮುಗಿದ ಮೇಲೆ ದುಂಬಿಗಳು ಮರದಡಿಯಲ್ಲೇ ಸತ್ತು ಬಿದ್ದವು. ಹುಳ ತೊಗಟೆ ದಾಟುವ ಮುಂಚೆ ತೋಪನ್ನೆಲ್ಲ ಕೆಡವಿ ಸುಲಿಯಬೇಕಿತ್ತು. ಇಲಾಖೆ ಕಳಿಸಿದ ಆಳುಗಳು ಕೆಡವಲು ಸಾಕಾದರು, ಸುಲಿಯಲು ಸಾಲಲಿಲ್ಲ. ಮಳೆಯಲ್ಲಿ ಕೈ ಜಾರುತ್ತಿತ್ತು, ಕೆಸರಿನಲ್ಲಿ ದಿಮ್ಮಿ ಹೂಳುತ್ತಿತ್ತು. ಕಸ್ತೂರಿ ತಾನೂ ಕತ್ತಿ ಹಿಡಿದು ಸುಲಿದಳು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಕೆಲಸ ಕಾಲು ಭಾಗವೂ ಆಗಿರಲಿಲ್ಲ, ಕೆಲವು ದಿಮ್ಮಿಗಳಲ್ಲಿ ಆಗಲೇ ಸದ್ದು ಆಳಕ್ಕಿಳಿಯುತ್ತಿತ್ತು.

ಒಂದು ಬೆಳಿಗ್ಗೆ ಟ್ರ್ಯಾಕ್ಟರ್ ಬಂದು ನಿಂತಿತು. ಇಳಿದವರಲ್ಲಿ ಮೊದಲಿಗ ಮೌನೇಶ. ಹೆಗಲ ಮೇಲೆ ಮರ ಕೆತ್ತುವ ಬಾಚಿ. ಹಿಂದೆ ಬೀಟಿಕೊಪ್ಪದ ಗಂಡಸರು, ಹೆಂಗಸರು. ಗಿರಿಜವ್ವ ಬುತ್ತಿಯ ಬುಟ್ಟಿ ಹೊತ್ತಿದ್ದಳು.

ಅವನು ತಂಗಿಯ ಹತ್ತಿರ ಬಂದು, ಅವಳ ಕೈಯಿಂದ ಕತ್ತಿ ಕಸಿದುಕೊಂಡು, ಅಂಗೈ ತಿರುಗಿಸಿ ನೋಡಿದ.

"ಹಿಂಗ ಹಿಡಿತಾರೇನು ಕತ್ತಿ? ಬಡಿಗೇರ ಮನಿ ಹುಡುಗಿ ಅಂತ ಹೇಳ್ಕೋಬ್ಯಾಡ."

"ಯಣ್ಣಾ, ಸಿಟ್ಟು..."

"ಸಿಟ್ಟು ಐತಿ. ಎಲ್ಲಿಗಿ ಹೋಗ್ತೈತಿ ಅದು? ಅಲ್ಲೇ ಇರ್ತೈತಿ. ಸರಿ ಅತ್ತಾಗ."

ಅವನ ಬಾಚಿಯ ಏಟಿಗೆ ತೊಗಟೆ ಸೀರೆಯ ಮಡಿಕೆ ಬಿಚ್ಚಿದಂತೆ ಉದ್ದಕ್ಕೆ ಸುಲಿದು ಬಂತು. ಒಳಮೈಯಲ್ಲಿ ಅಕ್ಕಿಕಾಳಿನಂಥ ಬಿಳಿ ಹುಳಗಳು ಹೊರಳಾಡಿದವು. ಹೆಂಗಸರು ತೊಗಟೆಯನ್ನು ಎಳೆದೊಯ್ದು, ತಗಡಿನ ಚಪ್ಪರದಡಿ ಡೀಸೆಲ್ ಸುರಿದು ಸುಟ್ಟರು. ಹೆಬ್ಳೆ ಪ್ರತಿ ದಿಮ್ಮಿಯ ಪಕ್ಕದಲ್ಲೂ ಒಂದು ಗಳಿಗೆ ನಿಂತು, ಬುಡಕ್ಕೆ ಹೊಡೆದಿದ್ದ ತಗಡಿನ ಬಿಲ್ಲೆಯ ಸಂಖ್ಯೆ ಓದಿ, ಬಿಲ್ಲೆ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಜೇಬು ಜೋತು ಬಿತ್ತು. ಕೊನೆಯ ಮರ ಬಿದ್ದಾಗ ಅವರು ಅಲ್ಲಿರಲಿಲ್ಲ. ಗುಡ್ಡ ಬೋಳಾಗಿ, ಗದ್ದೆಗಳಾಚೆಗಿನ ಬೀಟಿಕೊಪ್ಪ ಕೇಂದ್ರದ ಕಿಟಕಿಗೆ ಮೊದಲ ಬಾರಿಗೆ ಕಾಣಿಸಿತು.

ವಿಚಾರಣೆಯಲ್ಲಿ ಕಸ್ತೂರಿ ಏನನ್ನೂ ಮುಚ್ಚಿಡಲಿಲ್ಲ. ಅನುಮತಿ ಯಾರು ಕೊಟ್ಟರೆಂದು ಕೇಳಿದಾಗ ಯಾರೂ ಇಲ್ಲ ಎಂದಳು. ಗೊತ್ತಾದ ಮೇಲೂ ಏಕೆ ನಿಲ್ಲಿಸಲಿಲ್ಲವೆಂದು ಹೆಬ್ಳೆಯವರನ್ನು ಕೇಳಿದರು. "ನಿಲ್ಲಿಸಬಹುದಿತ್ತು. ನಿಲ್ಲಿಸ್ಲಿಲ್ಲ. ಅಲ್ಲಿಂದಾಚೆಗಿನದು ನನ್ನ ಹೊಣೆ," ಎಂದರು ಅವರು. ಅವಳನ್ನು ಕೆಲಸದಿಂದ ತೆಗೆದರು. ಅವರನ್ನು ಬೇಗ ನಿವೃತ್ತಿ ಮಾಡಿಸಿದರು.

ಮರುವರ್ಷ ಬಳೆಯೊಳಗಿನ ಊರುಗಳಲ್ಲಿ ಹುಡುಕಿ ಹುಡುಕಿ ನೋಡಿದರೂ ಸಿಕ್ಕಿದ್ದು ಬೆರಳೆಣಿಕೆಯ ದುಂಬಿ. ಸರಕಾರ ಆ ವಿಧಾನವನ್ನು ಎಲ್ಲ ಕಡೆ ಜಾರಿಗೆ ತಂದಿತು. ಎಲ್ಲರಿಗೂ 'ಜಾಗವಿಲ್ಲ' ಡಬ್ಬಿ ಬೇಕು. 'ಬಾ' ಡಬ್ಬಿ ಮಾತ್ರ ಯಾರಿಗೂ ಬೇಡ. ತಾಲ್ಲೂಕು ತಾಲ್ಲೂಕಿಗೆ ಜಗಳ ಹತ್ತಿತು. ಒಂದೂರಿನವರು ತಮಗೆ ಬಂದ 'ಬಾ' ಡಬ್ಬಿ ಕಿತ್ತು ಪಕ್ಕದೂರಿನ ಮರಕ್ಕೆ ಹೊಡೆದು ಬಂದರು. ಇನ್ನೊಂದೂರಿನಲ್ಲಿ ಪೊಲೀಸರನ್ನು ನಿಲ್ಲಿಸಿ 'ಬಾ' ಗುಂಡಿ ಒತ್ತಿದರು.

ಖಾನಾಪುರದ ಕಡೆಯ ಅಧಿಕಾರಿಯೊಬ್ಬರು ಕಸ್ತೂರಿಗೆ ಫೋನು ಮಾಡಿದಾಗ ಅವಳು ಧಾರವಾಡದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದಳು. ಯಾವ ಊರಿನ ಮರ ಆರಿಸಬೇಕು ಎಂದು ಅವರ ಪ್ರಶ್ನೆ. ನಕ್ಷೆ ನೋಡಿ ಹೇಳಿದರಾಯಿತು, ಜನರನ್ನು ಕೇಳುತ್ತ ಕೂರಲು ಹೊತ್ತಿಲ್ಲ, ಮೋಡ ಕಟ್ಟಿದೆ ಎಂದರು.

"ನಾನೂ ಹಾಗೇ ಅಂದುಕೊಂಡಿದ್ದೆ," ಎಂದಳು ಕಸ್ತೂರಿ. "ನಾಳೆ ಬರ್ತೀನಿ. ಅಲ್ಲೀತನಕ ಏನೂ ಒತ್ತಬೇಡಿ."

ಮರುದಿನ, ನಕ್ಷೆಯ ನಡುವೆ ಬರುವ ಊರಿನ ಮುಂದಿನ ಮತ್ತಿ ಮರಗಳ ಕೆಳಗೆ ಜನ ಸೇರಿದ್ದರು. ಅವಳು ಎಲ್ಲವನ್ನೂ ಹೇಳಿದಳು. ಡಬ್ಬಿ ಏನು ಮಾಡುತ್ತದೆ, ಕರೆದ ಮರಕ್ಕೆ ಏನಾಗುತ್ತದೆ, ತಾನು ಒಮ್ಮೆ ಯಾರನ್ನೂ ಕೇಳದೆ ಏನು ಮಾಡಿದೆ. ಗದ್ದಲ ಎದ್ದಿತು. ನಮ್ಮವೇ ಯಾಕೆ ಎಂದು ಒಬ್ಬ ಎದ್ದು ನಿಂತ. ಹೊಳೆಯಾಚೆಯವರದು ತಗೊಳ್ಳಿ ಎಂದ ಇನ್ನೊಬ್ಬ. ಹೊಳೆಯಾಚೆಯ ಊರಿಗೆ ಮದುವೆ ಮಾಡಿಕೊಟ್ಟ ಅವನದೇ ಮಗಳು ಗುಂಪಿನಲ್ಲಿದ್ದಳು. ಅವಳು ಅವನ ಮೇಲೆ ತಿರುಗಿಬಿದ್ದಳು. ಮಧ್ಯಾಹ್ನ ಇಳಿಯಿತು. ಮೋಡ ಕೆಳಗೆ ಬಂತು. ಕಸ್ತೂರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಆದರೂ ಅವಳು ಎದ್ದು ಹೋಗಲಿಲ್ಲ.

ಕಡೆಗೆ ಹಿಂದಿನ ಸಾಲಿನಿಂದ ದ್ಯಾಮವ್ವ ಎಂಬ ವಯಸ್ಸಾದ ಹೆಂಗಸು ಕೈಯೂರಿ ಎದ್ದಳು. ರಸ್ತೆಬದಿಯ ಮತ್ತಿ ಸಾಲನ್ನು ನೆಟ್ಟವರಲ್ಲಿ ಈಗ ಉಳಿದವಳು ಅವಳೊಬ್ಬಳೇ.

"ನಮ್ಮವು ಬ್ಯಾಡಂದ್ರ ಯಾರವು? ಯಾರರ ಹೆಸರು ಹೇಳ್ರಿ ನೋಡೂಣು," ಎಂದಳು.  ಅವಳು ಸುತ್ತ ನೋಡಿ, ಕಸ್ತೂರಿಯ ಕಡೆ ತಿರುಗಿದಳು. "ರಸ್ತೆ ಸಾಲು ತಗೋರಿ. ಊರ ಮಂದಿ ಹೂಂ ಅಂದ್ರ. ಆದ್ರ ಆ ಗುಂಡಿ ನಾ ಒತ್ತಾಕಿ. ನಾ ಹಚ್ಚಿದ್ದನ್ನ ಮತ್ತೊಬ್ರು ಮುಟ್ಟೂದು ಬ್ಯಾಡ."

ಒಬ್ಬೊಬ್ಬರೇ ತಲೆಯಾಡಿಸಿದರು. ಮೊದಲು ಎದ್ದು ನಿಂತವನು ಕೊನೆಯಲ್ಲಿ.

ಕಸ್ತೂರಿ ಸಾಲಿನ ಡಬ್ಬಿಗಳನ್ನು ನುಡಿಸುವ ಪುಟ್ಟ ಯಂತ್ರವನ್ನು ಅವಳ ಕೈಗೆ ಕೊಟ್ಟು ಗುಂಡಿ ತೋರಿಸಿದಳು. ದ್ಯಾಮವ್ವ ಸೆರಗಿನಿಂದ ಬೆರಳು ಒರೆಸಿಕೊಂಡಳು. ರಸ್ತೆಯ ಕಡೆ ಒಮ್ಮೆ ನೋಡಿ, ಮನೆಬಾಗಿಲಲ್ಲಿ ನಿಂತು ಬೀಗರನ್ನು ಕರೆಯುವ ದನಿಯಲ್ಲಿ "ಬರ್ರಿ, ಎಲ್ಲಾರೂ ಬರ್ರಿ," ಎಂದು ಒತ್ತಿದಳು. ಒತ್ತಿದ ಮೇಲೆ ಮರಗಳ ಕಡೆ ಬೆನ್ನು ಮಾಡಿ ಕೂತಳು. ಹನಿ ಬೀಳತೊಡಗಿದರೂ ಜನ ಚದುರಲಿಲ್ಲ. ಅವಳ ಸುತ್ತ ಬಂದು ಕೂತರು.